ಕಲ್ಲು ಗಟ್ಟಿ, ಗೋಡೆ ಏಕೆ ಬಿತ್ತು?
ಶ್ರೀರಂಗಪಟ್ಟಣದ ಕೋಟೆಯಲ್ಲಿ ಒಂದು ದಿನ

ಬೆಂಗಳೂರಿನ ಲಾಲ್‌ಬಾಗನ್ನು ನೀವು ನೋಡಿದ್ದರೆ ಅಲ್ಲಿಯ ಬಂಡೆಯನ್ನು ಹತ್ತಿಯೇ ಇರುತ್ತೀರಿ. ಅದರ ನೆತ್ತಿಯ ಮೇಲೆ ಕೆಂಪೇಗೌಡ ಗೋಪುರವಿದೆ. ಜಯನಗರದ ನಮ್ಮ ಮನೆಯಿಂದ ಅದು ನಡೆದು ಹೋಗುವಷ್ಟು ದೂರ. ಬೆಳಗಿನ ಹೊತ್ತು ಆ ಬಂಡೆಯ ಮೇಲೆ ವ್ಯಾಯಾಮ ಮಾಡುವವರು, ಹರಟೆ ಹೊಡೆಯುವವರು, ಮಕ್ಕಳನ್ನು ಓಡಲು ಬಿಟ್ಟವರು ಎಲ್ಲರೂ ಸಿಗುತ್ತಾರೆ. ಕಾಲ ಕೆಳಗಿರುವ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ ಎಂಬುದು ಅವರಲ್ಲಿ ಕೆಲವರಿಗಷ್ಟೇ ಗೊತ್ತು. ಇದು ನೈಸ್ ಎಂಬ ರೂಪಾಂತರಿತ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು 1916ರಲ್ಲಿ ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ವಸ್ತುಗಳ ಸ್ಥಿತಿಸ್ಥಾಪಕತ್ವದ ಪಾಠ ಮಾಡುವಾಗ ನಾನು ಹಲವು ವರ್ಷ ಈ ಬಂಡೆಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. "ನಮ್ಮ ಕೋಟೆಗಳನ್ನು ಇಂಥ ಕಲ್ಲಿನಲ್ಲಿ ಏಕೆ ಕಟ್ಟಿದರು? ಕಲ್ಲು ಗಟ್ಟಿ, ಆದ್ದರಿಂದ ಕೋಟೆಯೂ ಗಟ್ಟಿ" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ಒಂದು ವರ್ಷ ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಾಗ, ಕೋಟೆಯ ಪಶ್ಚಿಮ ಭಾಗದಲ್ಲಿ ಗೋಡೆ ಒಡೆದ ಜಾಗದ ಮುಂದೆ ನಿಂತು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸಾರ್, ಕಲ್ಲು ಗಟ್ಟಿ ಅಂತ ನೀವೇ ಹೇಳಿದ್ದಿರಿ. ಹಾಗಾದರೆ ಗೋಡೆ ಏಕೆ ಬಿತ್ತು?"

ಆ ಕ್ಷಣದಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. "ತೋಪು ಅದಕ್ಕಿಂತ ಬಲವಾಗಿತ್ತು" ಎಂದಿದ್ದೆ. ಅದು ಉತ್ತರವಲ್ಲ, ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಹೇಳಿದಂತೆ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ದ್ವೀಪ ಮತ್ತು ಕೋಟೆ

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 125 ಕಿಲೋಮೀಟರ್ ಸಾಗಿದರೆ ಶ್ರೀರಂಗಪಟ್ಟಣ. ಇಲ್ಲಿ ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುತ್ತದೆ. ನಡುವಿನ ನೆಲವೇ ದ್ವೀಪ. ಅದರ ಪಶ್ಚಿಮದ ತುದಿಯಲ್ಲಿ ಕೋಟೆ ಇದೆ. ಬಸ್ಸಿನಲ್ಲಿ ಸೇತುವೆ ದಾಟುವ ನಮಗೆ ಅದು ದ್ವೀಪ ಎನ್ನುವುದೇ ಮರೆತುಹೋಗುತ್ತದೆ. ಹಿಂದೆ ಇಲ್ಲಿಗೆ ದಂಡೆತ್ತಿ ಬಂದವರು ಅದನ್ನು ಮರೆಯುವಂತಿರಲಿಲ್ಲ. ಬೇಸಗೆಯಲ್ಲಿ ಬಂಡೆಗಳ ನಡುವೆ ಕಾಲಿಟ್ಟು ದಾಟಬಹುದಾದ ನದಿ, ಮುಂಗಾರು ಹಿಡಿದ ಮೇಲೆ ದಾಟಲಾಗದ ಕಂದಕವಾಗುತ್ತಿತ್ತು. ಈಗ ಮೇಲ್ಭಾಗದಲ್ಲಿ ಕನ್ನಂಬಾಡಿ ಕಟ್ಟೆ ಇರುವುದರಿಂದ ಆ ವ್ಯತ್ಯಾಸ ಅಷ್ಟು ತೀವ್ರವಾಗಿ ಕಾಣುವುದಿಲ್ಲ.

ಇಲ್ಲಿಯ ಕೋಟೆಯ ಆರಂಭವನ್ನು 15ನೇ ಶತಮಾನಕ್ಕೆ, ವಿಜಯನಗರದ ಕಾಲಕ್ಕೆ ಒಯ್ಯುತ್ತಾರೆ. 1610ರಲ್ಲಿ ಅದು ಮೈಸೂರಿನ ರಾಜ ಒಡೆಯರ ಕೈಸೇರಿತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಅದು ದೊಡ್ಡದಾಯಿತು, ಬಲಗೊಂಡಿತು. 1792ರಲ್ಲಿ ಕಾರ್ನ್‌ವಾಲಿಸ್ ಮುತ್ತಿಗೆ ಹಾಕಿದಾಗ ಕೋಟೆ ಬೀಳಲಿಲ್ಲ. ಆದರೆ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೇ ಬಿಟ್ಟುಕೊಡಬೇಕಾಯಿತು. 1799ರಲ್ಲಿ ಎರಡನೆಯ ಮುತ್ತಿಗೆ. ಆ ವರ್ಷದ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹತನಾದ.

ಇಷ್ಟು ಇತಿಹಾಸ ಶಾಲೆಯ ಪುಸ್ತಕದಲ್ಲಿದೆ. ನಾವು ಗೋಡೆಯ ಹತ್ತಿರ ಹೋಗೋಣ.

ಕಲ್ಲು ತನ್ನ ಭಾರಕ್ಕೆ ಪುಡಿಯಾಗದು

ಮೊದಲು ಒಂದು ಸರಳ ಲೆಕ್ಕ. ಹತ್ತು ಮೀಟರ್ ಎತ್ತರದ ಕಲ್ಲಿನ ಗೋಡೆಯನ್ನು ಊಹಿಸಿಕೊಳ್ಳಿ. ಅದರಿಂದ ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದ ಕಂಬವೊಂದನ್ನು ಮನಸ್ಸಿನಲ್ಲೇ ಬೇರ್ಪಡಿಸಿ. ಅದರ ಗಾತ್ರ 1000 ಘನ ಸೆಂಟಿಮೀಟರ್. ನೈಸ್ ಶಿಲೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ. ಆದ್ದರಿಂದ ಕಂಬದ ತೂಕ 2.7 ಕಿಲೋಗ್ರಾಂ. ಗೋಡೆಯ ಬುಡದಲ್ಲಿರುವ ಕಲ್ಲಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಇಷ್ಟೇ.

ಈಗ ಕಲ್ಲಿನ ತಾಳಿಕೆಯನ್ನು ನೋಡಿ. ಇಂಥ ಒಳ್ಳೆಯ ಶಿಲೆಯನ್ನು ಒತ್ತಿ ಪುಡಿ ಮಾಡಬೇಕಾದರೆ ಚದರ ಸೆಂಟಿಮೀಟರಿಗೆ 1000 ಕಿಲೋಗ್ರಾಮಿಗೂ ಹೆಚ್ಚು ಭಾರ ಬೇಕು. ಅಂದರೆ ತನ್ನ ಭಾರಕ್ಕೆ ತಾನೇ ಪುಡಿಯಾಗಬೇಕಾದರೆ ಗೋಡೆಯ ಎತ್ತರ ಮೂರೂವರೆ ಕಿಲೋಮೀಟರನ್ನು ಮೀರಬೇಕು! ಸಂಪೀಡನ ಎಂಬುದು ಯಾವ ಕಲ್ಲುಕೋಟೆಯ ಸಮಸ್ಯೆಯೂ ಅಲ್ಲ.

ಅದೇ ಕಲ್ಲನ್ನು ಎಳೆದು ನೋಡಿ. ಎಳೆತವನ್ನು ತಾಳುವ ಅದರ ಶಕ್ತಿ ಸಂಪೀಡನವನ್ನು ತಾಳುವ ಶಕ್ತಿಯ ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಕಲ್ಲುಕಲ್ಲುಗಳ ನಡುವಿನ ಸುಣ್ಣದ ಗಾರೆಯದು ಇನ್ನೂ ಕಡಿಮೆ, ಚದರ ಸೆಂಟಿಮೀಟರಿಗೆ ಕೆಲವೇ ಕಿಲೋಗ್ರಾಂ. ಹೀಗಾಗಿ ಗೋಡೆ ಎಂಬುದು ಒಂದು ದೊಡ್ಡ ಕಲ್ಲಲ್ಲ. ಅದು ಒಂದರ ಮೇಲೊಂದು ಕುಳಿತ, ಭಾರದಿಂದಲೇ ಬಿಗಿಗೊಂಡ ಸಾವಿರಾರು ಕಲ್ಲುಗಳ ಜೋಡಣೆ. ಕಲ್ಲಿನ ಗಡಸುತನ ಅದನ್ನು ನಿಲ್ಲಿಸಿಲ್ಲ. ಪ್ರತಿ ಕಲ್ಲೂ ತನ್ನ ಜಾಗದಲ್ಲಿ ಇರುವುದರಿಂದ ಅದು ನಿಂತಿದೆ. ಜಾಗ ತಪ್ಪಿಸಿದರೆ ಸಾಕು, ಕಲ್ಲನ್ನು ಒಡೆಯುವ ಅಗತ್ಯವೇ ಇಲ್ಲ. ನಾನು ತರಗತಿಯಲ್ಲಿ ಮಾಡುತ್ತಿದ್ದ ತಪ್ಪು ಇದೇ: ವಸ್ತುವಿನ ಗುಣವನ್ನು ರಚನೆಯ ಗುಣ ಎಂದು ಭಾವಿಸಿದ್ದು.

ಗುಂಡಿನ ಲೆಕ್ಕ

ಆ ಕಾಲದ ಮುತ್ತಿಗೆ ತೋಪುಗಳಲ್ಲಿ 18 ಮತ್ತು 24 ಪೌಂಡ್ ಗುಂಡಿನವು ಸಾಮಾನ್ಯವಾಗಿದ್ದವು. 24 ಪೌಂಡ್ ಎಂದರೆ ಸುಮಾರು 11 ಕಿಲೋಗ್ರಾಂ ಎರಕದ ಕಬ್ಬಿಣ. ಗೋಡೆಯನ್ನು ತಲುಪುವಾಗ ಅದರ ವೇಗ ಸೆಕೆಂಡಿಗೆ 350 ಮೀಟರ್ ಇತ್ತೆಂದು ಇಟ್ಟುಕೊಳ್ಳಿ. ಚಲನಶಕ್ತಿ ಎಂದರೆ ದ್ರವ್ಯರಾಶಿ ಮತ್ತು ವೇಗದ ವರ್ಗಗಳ ಗುಣಲಬ್ಧದ ಅರ್ಧ. ಲೆಕ್ಕ ಹಾಕಿದರೆ ಸುಮಾರು 6.7 ಲಕ್ಷ ಜೌಲ್ ಬರುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದರೆ ಇಷ್ಟೇ ಶಕ್ತಿ. ಆದರೆ ಕಾರಿನ ಶಕ್ತಿ ಅದರ ಮುಂಭಾಗದ ಅಗಲದಲ್ಲೆಲ್ಲ ಹಂಚಿಹೋಗುತ್ತದೆ. ಗುಂಡಿನದು ಒಂದು ಊಟದ ತಟ್ಟೆಗಿಂತ ಚಿಕ್ಕ ಜಾಗದಲ್ಲಿ ಸೇರುತ್ತದೆ.

ಹಾಗಿದ್ದರೂ ಒಂದು ಗುಂಡಿಗೆ ದಪ್ಪ ಗೋಡೆ ಬೀಳುವುದಿಲ್ಲ. ಮುತ್ತಿಗೆ ಹಾಕುವ ಎಂಜಿನಿಯರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಗೋಡೆಯ ಮೇಲ್ಭಾಗಕ್ಕೆ ಹೊಡೆಯುತ್ತಿರಲಿಲ್ಲ. ಬುಡದ ಹತ್ತಿರ ಅಡ್ಡಲಾಗಿ ಒಂದೇ ಸಾಲಿನಲ್ಲಿ ಹೊಡೆದು ಗೋಡೆಗೆ ಕಚ್ಚು ಹಾಕುವುದು ಅಂದಿನ ಮುತ್ತಿಗೆ ಶಾಸ್ತ್ರದ ಪಾಠ. ಕಚ್ಚು ಆಳವಾದಂತೆ ಮೇಲಿನ ಭಾಗಕ್ಕೆ ಆಧಾರ ತಪ್ಪುತ್ತದೆ. ಆಗ ಗೋಡೆಯನ್ನು ಕೆಡವುವುದು ತೋಪಲ್ಲ, ಗುರುತ್ವ. ಬಿದ್ದ ಕಲ್ಲುಮಣ್ಣು ಕಂದಕದೊಳಗೆ ಇಳಿಜಾರಾಗಿ ಹರಡಿ, ಸೈನಿಕರಿಗೆ ಮೇಲೇರುವ ದಾರಿಯೂ ಅದೇ ಆಗುತ್ತದೆ. ಮರ ಕಡಿಯುವವನು ಮಾಡುವುದೂ ಇದನ್ನೇ: ಕಾಂಡವನ್ನು ಪೂರ್ತಿ ಕಡಿಯುವುದಿಲ್ಲ, ಒಂದು ಕಡೆ ಕಚ್ಚು ಹಾಕಿ ಉಳಿದ ಕೆಲಸವನ್ನು ಮರದ ಭಾರಕ್ಕೇ ಬಿಡುತ್ತಾನೆ.

ಶ್ರೀರಂಗಪಟ್ಟಣದಲ್ಲಿ ತೋಪುಗಳನ್ನು ಇಟ್ಟದ್ದು ನದಿಯ ಆಚೆ ದಂಡೆಯಲ್ಲಿ. ಮೇ ತಿಂಗಳ ಮೊದಲ ದಿನಗಳಲ್ಲಿ ಗೋಡೆ ಒಡೆಯಿತು. 4ರ ಮಧ್ಯಾಹ್ನ ಸೈನಿಕರು ಬಂಡೆಗಳಿಂದ ತುಂಬಿದ, ನೀರು ಕಡಿಮೆಯಿದ್ದ ಪಾತ್ರವನ್ನು ದಾಟಿ ಏರಿದರು. ಮುತ್ತಿಗೆ ಹಾಕಿದವರಿಗೆ ಅವಸರವಿತ್ತು. ಅವರ ಆಹಾರ ತೀರುತ್ತಿತ್ತು. ಮಳೆ ಹಿಡಿದು ಕಾವೇರಿ ತುಂಬಿದರೆ ಒಡೆದ ಗೋಡೆಯೂ ಅವರಿಗೆ ನಿರುಪಯೋಗಿ. ಆ ಮುತ್ತಿಗೆಯಲ್ಲಿ ಋತುಮಾನವೂ ಒಂದು ಪಕ್ಷವಾಗಿತ್ತು ಎಂದರೆ ತಪ್ಪಲ್ಲ.

ಇನ್ನೊಂದು ಹೋಲಿಕೆ. 1805ರ ಆರಂಭದಲ್ಲಿ ಜನರಲ್ ಲೇಕ್ ರಾಜಸ್ಥಾನದ ಭರತಪುರ ಕೋಟೆಯ ಮೇಲೆ ನಾಲ್ಕು ಬಾರಿ ದಾಳಿ ಮಾಡಿ ಸೋತ. ಅದರ ಹೊರಗೋಡೆ ದಪ್ಪನೆಯ ಮಣ್ಣಿನದು! ಮಣ್ಣಿಗೆ ಹೊಕ್ಕ ಗುಂಡು ತನ್ನ ಶಕ್ತಿಯನ್ನು ಕಣಗಳ ಘರ್ಷಣೆಯಲ್ಲಿ ಕಳೆದುಕೊಂಡು ಅಲ್ಲೇ ಹೂತುಹೋಗುತ್ತದೆ. ಗಟ್ಟಿ ಕಲ್ಲು ಅದೇ ಹೊಡೆತವನ್ನು ಕಂಪನವಾಗಿ ಪಕ್ಕದ ಕಲ್ಲುಗಳಿಗೆ ದಾಟಿಸುತ್ತದೆ, ಗಾರೆ ಬಿರುಕು ಬಿಡುತ್ತದೆ. ತೋಪಿನ ಎದುರು ಮೆತ್ತನೆಯದೇ ಗಟ್ಟಿ ಎಂಬ ಈ ಮಾತನ್ನು ನಿಮ್ಮ ತರಗತಿಯಲ್ಲಿ ಪ್ರಶ್ನೆಯಾಗಿ ಕೇಳಿ ನೋಡಿ. ಬರುವ ಉತ್ತರಗಳೇ ಒಂದು ಪಾಠ.

ಲೂಯಿಸ್ ದ್ವೀಪದಿಂದ ಬಂದವನು

1799ರ ಮುತ್ತಿಗೆಯಲ್ಲಿದ್ದ ಎಂಜಿನಿಯರರಲ್ಲಿ ಕಾಲಿನ್ ಮೆಕೆಂಜಿ ಒಬ್ಬ. ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯವ್ಯ ಕಡಲಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನಲ್ಲಿ, ಸುಮಾರು 1754ರಲ್ಲಿ. ಅಲ್ಲಿ ಸುಂಕದ ಅಧಿಕಾರಿಯಾಗಿದ್ದವನು 1783ರಲ್ಲಿ ಮದರಾಸಿಗೆ ಬಂದ. ಮುತ್ತಿಗೆಯ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆಯ ಹೊಣೆ ಅವನಿಗೆ ಬಂತು. ಸುಮಾರು ಹತ್ತು ವರ್ಷ ಆ ಕೆಲಸ ನಡೆಯಿತು. ನಕ್ಷೆಯ ಜೊತೆಗೆ ಅವನು ಶಾಸನಗಳ ಪ್ರತಿಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದ. ಈ ಕೆಲಸ ಅವನೊಬ್ಬನದಲ್ಲ. ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮ ಲಕ್ಷ್ಮಯ್ಯನಂಥ ವಿದ್ವಾಂಸರು ಇಲ್ಲದಿದ್ದರೆ ಅವನಿಗೆ ಒಂದು ಶಾಸನವೂ ಓದಲು ಬರುತ್ತಿರಲಿಲ್ಲ. 1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ತೀರಿಕೊಂಡ. ಕರ್ನಾಟಕದ ಸ್ಥಳೀಯ ಚರಿತ್ರೆ ಬರೆಯುವವರು ಇಂದಿಗೂ ಆ ಸಂಗ್ರಹವನ್ನು ಬಿಡುವಂತಿಲ್ಲ.

ಮೆಕೆಂಜಿ ಹುಟ್ಟಿದ ದ್ವೀಪದಲ್ಲೂ ಒಂದು ಕಲ್ಲಿನ ಕೋಟೆಯ ಅವಶೇಷವಿದೆ. ಪಶ್ಚಿಮ ಕರಾವಳಿಯ ಡನ್ ಕಾರ್ಲೊವೇ. ಅದು ಸುಮಾರು ಎರಡು ಸಾವಿರ ವರ್ಷ ಹಳೆಯ, 'ಬ್ರಾಕ್' ಎಂದು ಕರೆಯುವ ದುಂಡನೆಯ ಕಲ್ಲುಗೋಪುರ. ಹೊರವ್ಯಾಸ ಸುಮಾರು 14 ಮೀಟರ್. ಒಂದು ಕಡೆ ಗೋಡೆ ಇಂದಿಗೂ ಸುಮಾರು 9 ಮೀಟರ್ ಎತ್ತರಕ್ಕೆ ನಿಂತಿದೆ. ಸುಣ್ಣವಿಲ್ಲ, ಗಾರೆಯಿಲ್ಲ. ಬರಿಯ ಕಲ್ಲುಗಳ ಒಣಜೋಡಣೆ. ಹೊರಗೊಂದು, ಒಳಗೊಂದು ಹೀಗೆ ಎರಡು ಗೋಡೆ. ಅಲ್ಲಲ್ಲಿ ಅಡ್ಡ ಚಪ್ಪಡಿಗಳಿಂದ ಎರಡನ್ನೂ ಬಿಗಿದಿದ್ದಾರೆ. ನಡುವಿನ ಸಂದಿನಲ್ಲಿ ಮೆಟ್ಟಿಲು ಮೇಲೇರುತ್ತದೆ. ಒಂದೇ ದಪ್ಪ ಗೋಡೆಗಿಂತ ಇದಕ್ಕೆ ಭಾರ ಕಡಿಮೆ, ಕಲ್ಲು ಕಡಿಮೆ, ಆದರೂ ಬುಡ ಅಗಲ. ಉರುಳದಿರಲು ಬೇಕಾದದ್ದು ಅಗಲವಾದ ಬುಡವೇ ಹೊರತು ಹೆಚ್ಚು ಕಲ್ಲಲ್ಲ ಎಂಬುದನ್ನು ಆ ಜನ ಸೂತ್ರವಿಲ್ಲದೆ ಕಂಡುಕೊಂಡಿದ್ದರು.

ಇನ್ನೂ ಸ್ವಾರಸ್ಯವಾದ ಸಂಗತಿ ಕಲ್ಲಿನದು. ಲೂಯಿಸ್ ದ್ವೀಪದ ತಳಬಂಡೆಯೂ ನೈಸ್. ಆ ದ್ವೀಪದ ಹೆಸರಿನಿಂದಲೇ ಅದನ್ನು ಲೂಯಿಸಿಯನ್ ನೈಸ್ ಎನ್ನುತ್ತಾರೆ. ಅದರ ಅತಿ ಹಳೆಯ ಭಾಗಗಳ ವಯಸ್ಸೂ ಸುಮಾರು 300 ಕೋಟಿ ವರ್ಷ. ಭೂಖಂಡಗಳ ಮೊದಲ ತಿರುಳು ಗಟ್ಟಿಯಾಗುತ್ತಿದ್ದ ಕಾಲದ ಶಿಲೆಗಳು ಲಾಲ್‌ಬಾಗಿನಲ್ಲೂ ಶ್ರೀರಂಗಪಟ್ಟಣದ ಸುತ್ತಲೂ ದೂರದ ಆ ಕಡಲ ದ್ವೀಪದಲ್ಲೂ ನೆಲದ ಮೇಲೆ ಬಯಲಾಗಿವೆ. ಮೆಕೆಂಜಿಯ ಕಾಲಕ್ಕೆ ಭೂವಿಜ್ಞಾನ ಕಣ್ಣು ಬಿಡುತ್ತಿತ್ತಷ್ಟೆ. ತಾನು ಹುಟ್ಟಿದ ನೆಲದ ಓರಗೆಯ ಕಲ್ಲನ್ನೇ ಇಲ್ಲೂ ಮೆಟ್ಟುತ್ತಿದ್ದೇನೆ ಎಂದು ತಿಳಿಯಲು ಅವನಿಗೆ ದಾರಿಯಿರಲಿಲ್ಲ. ವಿಕಿರಣಪಟು ಧಾತುಗಳ ಕ್ಷಯದಿಂದ ಶಿಲೆಗಳ ವಯಸ್ಸನ್ನು ಅಳೆಯುವ ವಿಧಾನ ಬಂದದ್ದು 20ನೇ ಶತಮಾನದಲ್ಲಿ.

ಅದೇ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಕೂಡ ಇದ್ದ. 1799ರ ಏಪ್ರಿಲ್‌ನ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ತನ್ನ ಪಾಳೆಯಕ್ಕೆ ಮರಳುವ ಬದಲು ಶತ್ರುವಿನ ಕಡೆಗೇ ನಡೆಯುತ್ತಿತ್ತು. ನಕ್ಷತ್ರಗಳನ್ನು ನೋಡಿ ಲ್ಯಾಂಬ್ಟನ್ ದಿಕ್ಕು ತಪ್ಪಿದ್ದನ್ನು ಎತ್ತಿ ತೋರಿಸಿದ ಎಂದು ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಅವನು ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದೇ ಪೀಠಿಕೆ. ಒಂದು ಕೋಟೆಯ ಪತನದಿಂದ ಒಂದು ದೇಶದ ಅಳತೆ ಶುರುವಾಯಿತು. ಅಳೆದವರ ಉದ್ದೇಶ ಆಳ್ವಿಕೆ ಎಂಬುದನ್ನು ಮರೆಯಬೇಕಾಗಿಲ್ಲ. ಅಳತೆಯ ನಿಖರತೆಯನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ.

ರಾಕೆಟ್ಟು: ಹೆಮ್ಮೆಯೂ ಮಿತಿಯೂ

ಶ್ರೀರಂಗಪಟ್ಟಣ ಎಂದೊಡನೆ ವಿದ್ಯಾರ್ಥಿಗಳು ಕೇಳುವುದು ರಾಕೆಟ್ಟಿನ ಬಗ್ಗೆ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ವಿಷಯವನ್ನು ದಾಖಲೆಗಳ ಆಧಾರದ ಮೇಲೆ ಅಧ್ಯಯನ ಮಾಡಿ ಬರೆದರು. ಮೈಸೂರು ರಾಕೆಟ್ಟಿನ ವೈಶಿಷ್ಟ್ಯ ಅದರ ಕಬ್ಬಿಣದ ಕೊಳವೆ. ಉದ್ದ ಸುಮಾರು 20 ಸೆಂಟಿಮೀಟರ್, ವ್ಯಾಸ 4ರಿಂದ 8 ಸೆಂಟಿಮೀಟರ್. ಅದನ್ನು ಒಂದು ಮೀಟರಿಗಿಂತ ಉದ್ದದ ಬಿದಿರಿಗೆ ಬಿಗಿಯುತ್ತಿದ್ದರು. ಯೂರೋಪಿನಲ್ಲಿ ಆಗ ರಾಕೆಟ್ಟಿನ ಕೊಳವೆಗಳು ಸಾಮಾನ್ಯವಾಗಿ ಕಾಗದದ ರಟ್ಟಿನವು. ಕಬ್ಬಿಣ ಹೆಚ್ಚು ಒತ್ತಡವನ್ನು ತಾಳುತ್ತದೆ. ಒತ್ತಡ ಹೆಚ್ಚಿದರೆ ಅನಿಲ ಹೆಚ್ಚು ವೇಗದಿಂದ ಹೊರಬರುತ್ತದೆ, ನೂಕುಬಲವೂ ಹೆಚ್ಚುತ್ತದೆ. ಬಿದಿರು ಬರಿಯ ಹಿಡಿಯಲ್ಲ. ಗಾಳಿಯ ಬಲ ವರ್ತಿಸುವ ಬಿಂದುವನ್ನು ಅದು ಗುರುತ್ವಕೇಂದ್ರದ ಹಿಂದಕ್ಕೆ ತರುತ್ತದೆ. ಬಾಣದ ಹಿಂಭಾಗದ ಗರಿಯೂ ಮಾಡುವುದು ಇದನ್ನೇ.

ವ್ಯಾಪ್ತಿ ಸುಮಾರು 900 ಮೀಟರ್, ಕೆಲವು ಅದಕ್ಕಿಂತ ದೂರ ಹೋಗುತ್ತಿದ್ದವು. ಗಾಳಿಯ ತಡೆಯನ್ನು ಬಿಟ್ಟು, 45 ಡಿಗ್ರಿ ಕೋನದಲ್ಲಿ ಹಾರಿಸಿದರೆ, ಇಷ್ಟು ದೂರಕ್ಕೆ ಸೆಕೆಂಡಿಗೆ ಸುಮಾರು 94 ಮೀಟರ್ ವೇಗ ಬೇಕು. ನಿಮ್ಮ ಪಠ್ಯಪುಸ್ತಕದ ಪ್ರಕ್ಷೇಪಕದ ಸೂತ್ರದಿಂದಲೇ ಇದು ಬರುತ್ತದೆ. ಗಾಳಿ ಇರುವುದರಿಂದ ನಿಜವಾದ ವೇಗ ಇದಕ್ಕಿಂತ ಹೆಚ್ಚಿರಬೇಕು.

ಆದರೆ ಇದನ್ನು ಇಂದಿನ ಕ್ಷಿಪಣಿಗೆ ಹೋಲಿಸಿ ಹಿಗ್ಗುವುದು ಸರಿಯಲ್ಲ. ಗುರಿ ಇಟ್ಟು ಒಂದು ತೋಪನ್ನು ಹೊಡೆಯುವ ಸಾಮರ್ಥ್ಯ ಆ ರಾಕೆಟ್ಟಿಗೆ ಇರಲಿಲ್ಲ. ಒಟ್ಟಾಗಿ ಹಾರಿಸಿ ಕುದುರೆಗಳನ್ನೂ ಸಾಲುಗಟ್ಟಿದ ಸೈನಿಕರನ್ನೂ ಚದುರಿಸುವುದು ಅದರ ಕೆಲಸ. 1780ರ ಪೊಲ್ಲಿಲೂರು ಯುದ್ಧದಲ್ಲಿ ಅದು ಕೆಲಸಕ್ಕೆ ಬಂತು. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವಿದೆ, ನೋಡಿ. 1799ರಲ್ಲಿ ಮಣ್ಣಿನ ದಿಬ್ಬದ ಹಿಂದೆ ಅಡಗಿದ್ದ ಭಾರದ ತೋಪುಗಳ ಬಾಯಿ ಮುಚ್ಚಿಸಲು ಅದರಿಂದ ಆಗಲಿಲ್ಲ. ನಂತರ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಪ್ರಯೋಗಗಳನ್ನು ಮಾಡಿ, ಗಾತ್ರ, ಮದ್ದು, ಕೋನಗಳನ್ನು ಅಳೆದು ಬರೆದಿಟ್ಟು ರಾಕೆಟ್ಟನ್ನು ಬೆಳೆಸಿದ. 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿದ್ದದ್ದು ಅವು. ಕುಶಲತೆ ನಮ್ಮಲ್ಲಿತ್ತು, ಅಳೆದು ಬರೆದು ಮುಂದಿನವರಿಗೆ ದಾಟಿಸುವ ವ್ಯವಸ್ಥೆ ಅಲ್ಲಿ ಬೆಳೆಯಿತು. ನಮ್ಮಲ್ಲಿ ಉಳಿದದ್ದು ವಸ್ತುಗಳು ಮಾತ್ರ: 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು.

ತೂಗುವ ಕಮಾನು

ಯುದ್ಧದ ನಂತರವೂ ಈ ದ್ವೀಪದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರ ಹೊತ್ತಿಗೆ, ಕಾವೇರಿಗೆ ವೆಲ್ಲೆಸ್ಲಿ ಸೇತುವೆ ಕಟ್ಟಿದರು. ಅದು ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ ಸೇತುವೆ. ಕಂಬಗಳು ಬಹಳ ಹತ್ತಿರ ಹತ್ತಿರ. ಏಕೆ? ತೊಲೆ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಕಲ್ಲು ಎಳೆತಕ್ಕೆ ದುರ್ಬಲ ಎಂದು ಆಗಲೇ ನೋಡಿದೆವು.

ಡಿ ಹ್ಯಾವಿಲಂಡ್ ಎಂಬ ಎಂಜಿನಿಯರ್ ನದಿಗೆ ಕೇವಲ ಐದು ದೊಡ್ಡ ಇಟ್ಟಿಗೆ ಕಮಾನುಗಳ ಸೇತುವೆ ಸಾಕು ಎಂದ. ಮೇಲಿನವರು ನಕ್ಕರು. ಅವನು 1808ರಲ್ಲಿ ಶ್ರೀರಂಗಪಟ್ಟಣದ ತನ್ನ ತೋಟದಲ್ಲೇ 30 ಮೀಟರಿಗೂ ಹೆಚ್ಚು ಅಗಲದ, ಬಹಳ ಚಪ್ಪಟೆಯಾದ ಒಂದು ಕಮಾನನ್ನು ಕಟ್ಟಿ ತೋರಿಸಿದ. ಅದರ ಮೇಲೆ ನಿಂತು ಜಿಗಿದರೆ ಕಮಾನು ಅದುರುತ್ತಿತ್ತು. ಜನ ಅದನ್ನು ತೂಗುವ ಕಮಾನು ಎಂದೇ ಕರೆದರು.

ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಸಂಪೀಡನದಲ್ಲೇ ಇರುತ್ತದೆ. ಆ ಅನುಕೂಲಕ್ಕೆ ತೆರಬೇಕಾದ ಬೆಲೆ ಎಂದರೆ ಎರಡು ತುದಿಗಳಲ್ಲಿ ಹೊರಕ್ಕೆ ತಳ್ಳುವ ಬಲ. ಸಮನಾಗಿ ಹಂಚಿದ ಭಾರಕ್ಕೆ ಈ ಬಲ ಕಮಾನಿನ ಅಗಲದ ವರ್ಗದಂತೆ ಹೆಚ್ಚುತ್ತದೆ, ಎತ್ತರ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ಉದಾಹರಣೆಗೆ, 30 ಮೀಟರ್ ಅಗಲದ ಕಮಾನು ಪ್ರತಿ ಮೀಟರಿಗೆ 2 ಟನ್ ಹೊತ್ತಿದೆ ಎನ್ನಿ. ನಡುವಿನ ಎತ್ತರ 15 ಮೀಟರ್ ಆದರೆ ತಳ್ಳುಬಲ ಸುಮಾರು 15 ಟನ್. ಎತ್ತರವನ್ನು 3 ಮೀಟರಿಗೆ ಇಳಿಸಿದರೆ 75 ಟನ್! ಚಪ್ಪಟೆ ಕಮಾನಿನ ಆಧಾರ ಬೆರಳಿನಷ್ಟು ಹಿಂದೆ ಸರಿದರೂ ಅಪಾಯ. ಆ ಕಮಾನು ಸೇತುವೆಯಾಗಲಿಲ್ಲ. ಆದರೆ ಸುಮಾರು 130 ವರ್ಷ ನಿಂತಿದ್ದು 1930ರ ದಶಕದಲ್ಲಿ ಕುಸಿಯಿತು. ನಕ್ಕವರಿಗೆ ಅದು ಸಾಕಷ್ಟು ಉತ್ತರ.

ಈಗಿನ ಮುತ್ತಿಗೆ

ಹಾಗಾದರೆ ಉಳಿದ ಗೋಡೆಗಳು ಸುರಕ್ಷಿತವೇ? ಅಲ್ಲ. ತೋಪು ನಿಂತು ಇನ್ನೂರು ವರ್ಷ ಕಳೆದರೂ ಮುತ್ತಿಗೆ ನಿಂತಿಲ್ಲ. ಈಗ ಮುತ್ತಿಗೆ ಹಾಕಿರುವುದು ಅರಳಿಯ ಬೀಜ ಮತ್ತು ಮಳೆಯ ನೀರು.

ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಗಾರೆಯ ಬಿರುಕಿನಲ್ಲಿ ಮೊಳೆಯುತ್ತದೆ. ಬೆಳೆಯುವ ಬೇರು ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋಗ್ರಾಂವರೆಗೆ ಒತ್ತಬಲ್ಲದು. ಹತ್ತು ಮೀಟರ್ ಗೋಡೆಯ ಬುಡದಲ್ಲಿ ಭಾರದಿಂದ ಬರುವ ಒತ್ತಡ 2.7 ಕಿಲೋಗ್ರಾಂ ಎಂದು ನೋಡಿದೆವು. ಗಾರೆಯ ತಾಳಿಕೆ ಕೆಲವೇ ಕಿಲೋಗ್ರಾಂ. ಅಂದಮೇಲೆ ಬೇರು ಗೆಲ್ಲುವುದರಲ್ಲಿ ಸಂದೇಹವಿಲ್ಲ, ಸಮಯ ಬೇಕಷ್ಟೆ. ಇನ್ನು ನೀರು. ಕೋಟೆಗೋಡೆಯ ಎರಡು ಕಲ್ಲಿನ ಮುಖಗಳ ನಡುವೆ ಮಣ್ಣು, ಜಲ್ಲಿ ತುಂಬಿರುತ್ತಾರೆ. ಮೇಲಿನ ಗಾರೆ ಬಿರುಕು ಬಿಟ್ಟರೆ ಮಳೆನೀರು ಒಳಗಿಳಿಯುತ್ತದೆ. ಹೊರಬರಲು ದಾರಿಯಿಲ್ಲದೆ 5 ಮೀಟರ್ ನೀರು ನಿಂತರೆ ತಳದಲ್ಲಿ ಚದರ ಮೀಟರಿಗೆ 5 ಟನ್ ಪಕ್ಕದೊತ್ತಡ. ಹೊರಮುಖ ಮೊದಲು ಉಬ್ಬುತ್ತದೆ, ನಂತರ ಒಂದು ದಿನ ಜರಿಯುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ಕಣ್ಣಿಗೆ ಅಂದ ಕಾಣಬಹುದು. ಆದರೆ ಅದು ನೀರು ಆರಿಹೋಗುವ ದಾರಿಯನ್ನೇ ಮುಚ್ಚುತ್ತದೆ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಔಷಧ.

ಮೂರನೆಯ ಶತ್ರು ನಾವೇ. ಟಿಪ್ಪುವಿನ ಅರಮನೆಯನ್ನು 19ನೇ ಶತಮಾನದ ಆರಂಭದಲ್ಲಿ ಕೆಡವಿದರು. ಅದರ ಮರ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋಯಿತು. ಡನ್ ಕಾರ್ಲೊವೇಯ ಕಲ್ಲುಗಳೂ ಅಕ್ಕಪಕ್ಕದ ಮನೆಗಳ ಗೋಡೆ ಸೇರಿದ್ದವು. 1882ರಲ್ಲಿ ಬ್ರಿಟನ್ನಿನ ಮೊದಲ ಸ್ಮಾರಕ ರಕ್ಷಣಾ ಕಾಯಿದೆ ಬಂದಾಗ ಅದು ರಕ್ಷಿತ ಪಟ್ಟಿಗೆ ಸೇರಿ ಉಳಿಯಿತು.

ಉಳಿಸಬೇಕೆಂದರೆ ಉಳಿಸಬಹುದು ಎಂಬುದಕ್ಕೆ ಶ್ರೀರಂಗಪಟ್ಟಣದಲ್ಲೇ ಸಾಕ್ಷಿ ಇದೆ. ರೈಲು ಹಳಿ ಜೋಡಿ ಮಾಡುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. 2017ರಲ್ಲಿ ನೂರಾರು ಟನ್ ತೂಕದ, ಇಟ್ಟಿಗೆ ಗಾರೆಯ ಆ ಕಟ್ಟಡವನ್ನು ಬುಡದಿಂದ ಬಿಡಿಸಿ, ಉಕ್ಕಿನ ತೊಲೆಗಳ ಮೇಲೆ ಹೊತ್ತು, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಎಲ್ಲ ಕಡೆಯೂ ಒಂದೇ ಸಮನಾಗಿ ಎತ್ತುವುದೇ ಇದರ ಗುಟ್ಟು. ಒಂದು ಮೂಲೆ ಹೆಚ್ಚು ಎದ್ದರೆ ಗಾರೆಯಲ್ಲಿ ಎಳೆತ ಹುಟ್ಟುತ್ತದೆ. ಮತ್ತೆ ಅದೇ ಪಾಠ.

ನೀವು ಹೋದಾಗ

ಶಿಕ್ಷಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಗಳನ್ನು ಕೋಟೆಗೆ ಕರೆದೊಯ್ದಾಗ ಬರಿಯ ಇಸವಿಗಳನ್ನು ಹೇಳಿ ಮರಳಬೇಡಿ. ಕೋನಮಾಪಕಕ್ಕೆ ದಾರ, ಚಿಕ್ಕ ಕಲ್ಲು ಕಟ್ಟಿದರೆ ಎತ್ತರ ಅಳೆಯುವ ಸಾಧನ ಸಿದ್ಧ. ದೂರ ನಿಂತೇ ಗೋಡೆಯ ಎತ್ತರ ಕಂಡುಹಿಡಿಯಲಿ. ಬುಡದ ಒತ್ತಡವನ್ನು ಲೆಕ್ಕ ಹಾಕಲಿ. ತೂಗುಗುಂಡು ಹಿಡಿದು ಯಾವ ಗೋಡೆ ಹೊರಕ್ಕೆ ಉಬ್ಬಿದೆ, ಎಲ್ಲಿ ಅರಳಿ ಗಿಡ ಎದ್ದಿದೆ ಎಂದು ದಿನಾಂಕದೊಂದಿಗೆ ಬರೆದಿಡಲಿ. ಗೋಡೆ ಹತ್ತುವುದು, ಗಿಡ ಕೀಳುವುದು ಬೇಡ. ಸಣ್ಣ ಗಿಡವನ್ನು ಕಿತ್ತರೂ ಕಲ್ಲು ಸಡಿಲವಾಗಬಹುದು, ಅದು ಬಲ್ಲವರ ಕೆಲಸ. ಪಟ್ಟಿಯನ್ನು ಪುರಾತತ್ವ ಇಲಾಖೆಗೆ ಕಳುಹಿಸಿ. ಮುಂದಿನ ವರ್ಷ ಇನ್ನೊಂದು ತರಗತಿ ಅದೇ ಜಾಗಗಳನ್ನು ಮತ್ತೆ ಅಳೆಯಲಿ. ಎರಡು ಅಳತೆಗಳ ವ್ಯತ್ಯಾಸ ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಮಾತಾಡುತ್ತದೆ.

ಆ ವಿದ್ಯಾರ್ಥಿನಿ ಈಗ ತಾನೇ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಳೆದ ವರ್ಷ ಅವಳು ತನ್ನ ಮಕ್ಕಳೊಂದಿಗೆ ಕೋಟೆಗೆ ಹೋಗಿ ಬಂದು, ಅವರು ಅಳೆದ ಪಟ್ಟಿಯನ್ನು ನನಗೆ ತೋರಿಸಿದಳು. ಹನ್ನೊಂದು ಕಡೆ ಅರಳಿ, ಮೂರು ಕಡೆ ಉಬ್ಬು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಬರೆದಿದ್ದ: "ಕಲ್ಲು ಒಂದೂ ಒಡೆದಿಲ್ಲ. ಜಾಗ ತಪ್ಪಿವೆ." ನನ್ನ ಹಳೆಯ ಪಾಠದ ಟಿಪ್ಪಣಿಯಲ್ಲಿ ಆ ಹಾಳೆಯನ್ನು ಸೇರಿಸಿಟ್ಟುಕೊಂಡಿದ್ದೇನೆ.